ಹತ್ತು ಎಚ್‌ಪಿ ಸಾಕು, ನಲವತ್ತೂ ಸರಿ, ಇಪ್ಪತ್ತು ಬೇಡ

(ಮನೆಮಂದಿಯ ಓಡಾಟಕ್ಕೆ ಕೊಂಡ ಹಳೆಯ ಮೋಟಾರು ದೋಣಿಯ ಹಿಂಬದಿಗೆ ಹೊರಗಿನಿಂದ ಕೂರಿಸುವ, ಮಿತವ್ಯಯದ ಔಟ್‌ಬೋರ್ಡ್ ಎಂಜಿನ್ ಆರಿಸುವ ಬಗ್ಗೆ ಮೈಸೂರಿನಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಎಚ್‌ಪಿ ಅಂದರೇನು ಅಂತ ಮೈಸೂರು, ಮಂಡ್ಯದವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಬೋರ್‌ವೆಲ್ ಎಷ್ಟು ಅಡಿ, ಜಮೀನು ಎಷ್ಟು ಎಕರೆ ಅಂತ ಕೇಳದೆ ಇಲ್ಲಿ ಯಾರೂ ಪಂಪ್‌ಸೆಟ್ ಕೊಳ್ಳುವುದಿಲ್ಲ. ಗದ್ದೆ ಉಳುವುದಕ್ಕೋ, ಕಬ್ಬಿನ ಟ್ರೈಲರ್ ಎಳೆಯುವುದಕ್ಕೋ ಅಂತ ನೋಡಿಯೇ ಟ್ರ್ಯಾಕ್ಟರ್ ಆರಿಸುತ್ತಾರೆ. ದೋಣಿಯ ಮಾತು ಬಂದಾಗ ಮಾತ್ರ ಈ ಲೆಕ್ಕ ಮರೆತುಹೋಗುತ್ತದೆ. ಕೆಲವರು "ಚಿಕ್ಕ ಎಂಜಿನ್ ಆದರೆ ಪೆಟ್ರೋಲ್ ಉಳಿಯುತ್ತೆ" ಅನ್ನುತ್ತಾರೆ. ಕೆಲವರು "ಇರಲಿ ಬಿಡಿ, ಒಂದು ಸೈಜ್ ದೊಡ್ಡದೇ ಹಾಕಿಸೋಣ" ಅನ್ನುತ್ತಾರೆ. ಇಬ್ಬರ ಮಾತೂ ಅರ್ಧ ಸರಿ. ಆ ಅರ್ಧದಲ್ಲೇ ದುಡ್ಡು ಸೋರುತ್ತದೆ.

ಲೆಕ್ಕ ಕೈಗೆ ಸಿಗುವಂತಿರಲಿ ಅಂತ ಒಂದೇ ದೋಣಿಯನ್ನು ಮುಂದಿಟ್ಟುಕೊಳ್ಳೋಣ. 16 ಅಡಿ ಉದ್ದದ, ಹಿಂಬದಿ 5 ಅಡಿ ಅಗಲದ, ಸ್ಟೀರಿಂಗ್ ಇರುವ ಹಳೆಯ ಫೈಬರ್ ದೋಣಿ. ಕರಾವಳಿಯಿಂದ ಲಾರಿಯಲ್ಲಿ ಬಂದಿದೆ. ಓಡಬೇಕಾಗಿರುವುದು ಕನ್ನಂಬಾಡಿಯ ಹಿನ್ನೀರಿನಲ್ಲೋ ಕಬಿನಿಯ ಹಿನ್ನೀರಿನಲ್ಲೋ. ಹತ್ತುವವರು ಗಂಡ, ಹೆಂಡತಿ, ಇಬ್ಬರು ಮಕ್ಕಳು, ಜೊತೆಗೆ ಒಬ್ಬರು ಅಜ್ಜಿ.

ಎಂಜಿನ್ ವಿಚಾರಕ್ಕೆ ಮೊದಲು ಒಂದು ಮಾತು. ಯಂತ್ರದಿಂದ ಓಡುವ ದೋಣಿಗೆ 2021ರ ಒಳನಾಡು ಹಡಗುಗಳ ಕಾಯ್ದೆಯ ಪ್ರಕಾರ ತಪಾಸಣೆ, ನೋಂದಣಿ ಬೇಕು. ಜಲಾಶಯಕ್ಕೆ ಇಳಿಸಲು ಅದನ್ನು ನೋಡಿಕೊಳ್ಳುವ ನಿಗಮದ ಅನುಮತಿ ಬೇಕು. ಕಬಿನಿಯ ಹಿನ್ನೀರು ನಾಗರಹೊಳೆ, ಬಂಡೀಪುರದ ಕಾಡಿಗೆ ತಾಗಿಕೊಂಡಿರುವುದರಿಂದ ಅಲ್ಲಿ ಅರಣ್ಯ ಇಲಾಖೆಯ ಮಾತೂ ನಡೆಯುತ್ತದೆ. ಅನುಮತಿ ಪತ್ರದಲ್ಲಿ ಎಂಜಿನ್ನಿನ ಎಚ್‌ಪಿ, ಜನರ ಸಂಖ್ಯೆ ಏನು ಬರೆದಿದೆಯೋ ಅದೇ ಮೊದಲ ಮಿತಿ. ಎಂಜಿನ್ ಕೊಂಡುಕೊಂಡು ಆಮೇಲೆ ಅನುಮತಿಗೆ ಅಲೆಯಬೇಡಿ.

ತೂಕ: ಎಲ್ಲ ಲೆಕ್ಕದ ಬೇರು

ಹಳೆಯ ದೋಣಿಯ ತೂಕವನ್ನು ಮಾರುವವರ ಮಾತಿನ ಮೇಲೆ ನಂಬುವ ಹಾಗಿಲ್ಲ. ಅವರು ಸುಳ್ಳು ಹೇಳುತ್ತಾರೆ ಅಂತಲ್ಲ, ಅವರಿಗೇ ಗೊತ್ತಿರುವುದಿಲ್ಲ. ಫೈಬರ್ ದೋಣಿಯ ನೆಲದ ಕೆಳಗೆ ತೇಲುವುದಕ್ಕೆಂದು ಫೋಮ್ ತುಂಬಿರುತ್ತಾರೆ. ಹತ್ತು ಹದಿನೈದು ವರ್ಷದಲ್ಲಿ ಬಿರುಕುಗಳಿಂದ, ಸ್ಕ್ರೂ ತೂತುಗಳಿಂದ ಇಳಿದ ನೀರನ್ನು ಆ ಫೋಮ್ ಕುಡಿದುಬಿಡುತ್ತದೆ. ಕುಡಿದ ನೀರು ಬಿಸಿಲಿಗೆ ಆರುವುದಿಲ್ಲ. ಹೀಗೆ 100 ಕೆಜಿ, ಕೆಲವೊಮ್ಮೆ ಅದಕ್ಕೂ ಹೆಚ್ಚು ನೀರು ದೋಣಿಯ ಹೊಟ್ಟೆಯಲ್ಲೇ ಸೇರಿಕೊಂಡಿರುತ್ತದೆ. ಒಂದೂವರೆ ಆಳು ಸದಾ ಕೂತಿದ್ದಂತೆ.

ಇದಕ್ಕೆ ಮಂಡ್ಯದಲ್ಲಿ ಸುಲಭದ ದಾರಿ ಇದೆ. ಕಬ್ಬಿನ ಲಾರಿ ತೂಗುವ ವೇಬ್ರಿಡ್ಜ್ ರಸ್ತೆ ರಸ್ತೆಯಲ್ಲಿ ಸಿಗುತ್ತದೆ. ಟ್ರೈಲರ್ ಸಮೇತ ದೋಣಿಯನ್ನು ತೂಗಿಸಿ, ದೋಣಿ ಇಳಿಸಿದ ಮೇಲೆ ಖಾಲಿ ಟ್ರೈಲರ್ ತೂಗಿಸಿ, ಕಳೆಯಿರಿ. ಆ ತೂಕಮಾಪಕ 10 ಕೆಜಿ ಆಚೀಚೆ ತೋರಿಸಿದರೂ ನಮ್ಮ ಕೆಲಸಕ್ಕೆ ಸಾಕು. ಇದೇ ಅಳತೆಯ ಒಣ ದೋಣಿ ಎಂಜಿನ್ ಇಲ್ಲದೆ 350ರಿಂದ 450 ಕೆಜಿ ತೂಗಬೇಕು. 550 ಬಂದರೆ ಫೋಮ್ ನೀರು ಕುಡಿದಿದೆ ಅಂತಲೇ ತಿಳಿಯಿರಿ. ಅಂಥ ದೋಣಿಗೆ ದೊಡ್ಡ ಎಂಜಿನ್ ಹಾಕುವುದು ನೀರನ್ನು ಹೊತ್ತು ತಿರುಗಲು ಪೆಟ್ರೋಲ್ ಸುಟ್ಟಂತೆ. ನೆಲ ಬಿಚ್ಚಿಸಿ ಫೋಮ್ ತೆಗೆಸುವುದೇ ಮೊದಲ ಖರ್ಚು.

ನಮ್ಮ ಉದಾಹರಣೆಯ ದೋಣಿಯ ತೂಕ ಹೀಗೆ ಬರುತ್ತದೆ. ಬರಿಯ ದೋಣಿ 380 ಕೆಜಿ. ನಾಲ್ಕು ಸ್ಟ್ರೋಕಿನ 40 ಎಚ್‌ಪಿ ಎಂಜಿನ್ 100. ಬ್ಯಾಟರಿ 18. ಪೆಟ್ರೋಲ್ 25 ಲೀಟರ್, ಅಂದರೆ 19 ಕೆಜಿ. ಲಂಗರು, ಹಗ್ಗ, ಲೈಫ್ ಜಾಕೆಟ್, ಹುಟ್ಟು, ಟೂಲ್ಸ್ ಸೇರಿ 30. ಬುತ್ತಿ, ಕುಡಿಯುವ ನೀರು 20. ಐದು ಜನ ಸೇರಿ 260. ಒಟ್ಟು 827, 830 ಅಂತಲೇ ಹಿಡಿಯೋಣ. ಒಬ್ಬರೇ ಕೂತು ಟ್ರಯಲ್ ನೋಡಿದಾಗ ಇದೇ ದೋಣಿ 600ರ ಆಸುಪಾಸಿನಲ್ಲಿರುತ್ತದೆ. ಟ್ರಯಲ್‌ನಲ್ಲಿ ಹಾರಿದ ದೋಣಿ ಭಾನುವಾರ ಮನೆಯವರೆಲ್ಲ ಹತ್ತಿದಾಗ ಕೂತುಬಿಡುವುದು ಇದೇ ಕಾರಣಕ್ಕೆ.

ದಿಣ್ಣೆಯ ಈಚೆ, ದಿಣ್ಣೆಯ ಆಚೆ

ದೋಣಿ ನೀರಿನಲ್ಲಿ ಎರಡು ರೀತಿ ಹೋಗುತ್ತದೆ. ನಿಧಾನವಾಗಿ ಹೋಗುವಾಗ ತನ್ನ ತೂಕದಷ್ಟು ನೀರನ್ನು ಪಕ್ಕಕ್ಕೆ ಸರಿಸುತ್ತ, ಸೀಳಿಕೊಂಡು ಹೋಗುತ್ತದೆ. ವೇಗ ಹೆಚ್ಚಾದಾಗ ಮೇಲೆದ್ದು ನೀರಿನ ಮೈಮೇಲೆ ಜಾರುತ್ತದೆ. ಇದಕ್ಕೆ ಪ್ಲೇನಿಂಗ್ ಅನ್ನುತ್ತಾರೆ. ಎರಡರ ನಡುವೆ ಒಂದು ದಿಣ್ಣೆ ಇದೆ. ಇವತ್ತಿನ ಮಾತಿನಲ್ಲಿ ಇದೊಂದನ್ನು ನೆನಪಿಟ್ಟುಕೊಂಡರೆ ಉಳಿದದ್ದೆಲ್ಲ ತಾನಾಗಿ ಹೊಳೆಯುತ್ತದೆ.

ಸೀಳಿಕೊಂಡು ಹೋಗುವ ವೇಗಕ್ಕೆ ಒಂದು ಮಿತಿ ಇದೆ. ದೋಣಿ ನೀರಿಗೆ ತಾಗಿರುವ ಉದ್ದವನ್ನು ಅಡಿಗಳಲ್ಲಿ ಅಳೆದು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಆ ಮಿತಿ ನಾಟ್‌ಗಳಲ್ಲಿ ಸಿಗುತ್ತದೆ. ನಮ್ಮ ದೋಣಿಯ ಆ ಉದ್ದ 14.5 ಅಡಿ. ವರ್ಗಮೂಲ 3.8, ಗುಣಿಸಿದರೆ 5.1 ನಾಟ್, ಅಂದರೆ ಗಂಟೆಗೆ 9.4 ಕಿಮೀ. ಸೈಕಲ್ ನಿಧಾನವಾಗಿ ತುಳಿದಷ್ಟು ವೇಗ. ಇದಕ್ಕೆ ಬೇಕಾಗುವ ಶಕ್ತಿ ಬರೀ 3ರಿಂದ 4 ಎಚ್‌ಪಿ.

ಈಗ ಆಕ್ಸಿಲರೇಟರನ್ನು ಇನ್ನಷ್ಟು ಒತ್ತಿ. ದೋಣಿಯ ಮೂತಿ ಆಕಾಶ ನೋಡತೊಡಗುತ್ತದೆ. ಹಿಂಭಾಗ ಕುಸಿಯುತ್ತದೆ. ಓಡಿಸುವವರಿಗೆ ಮುಂದಿನ ದಾರಿಯೇ ಕಾಣದು. ಬೆನ್ನ ಹಿಂದೆ ನೀರು ಮಂಡಿಯೆತ್ತರಕ್ಕೆ ಮಡಚಿಕೊಂಡು ಅಲೆಯಾಗಿ ಹಿಂಬಾಲಿಸುತ್ತದೆ. ಆ ಅಲೆಯನ್ನು ಎಬ್ಬಿಸಿದ್ದು ನಿಮ್ಮ ಪೆಟ್ರೋಲ್. ತಾನೇ ಎಬ್ಬಿಸಿದ ಅಲೆಯ ಇಳಿಜಾರಿನಲ್ಲಿ ಕೂತು ದೋಣಿ ಮೇಲೆ ಹತ್ತಲು ಒದ್ದಾಡುತ್ತಿರುತ್ತದೆ. ಗಂಟೆಗೆ 12ರಿಂದ 18 ಕಿಮೀ ನಡುವಿನ ಈ ಹೊತ್ತೇ ದಿಣ್ಣೆ. ಎಂಜಿನ್ನಿಗೆ ತ್ರಾಣವಿದ್ದರೆ ಇನ್ನು ಕೆಲವು ಕ್ಷಣಗಳಲ್ಲಿ ಮೂತಿ ಇಳಿಯುತ್ತದೆ, ಹಿಂದಿನ ಅಲೆ ಚಪ್ಪಟೆಯಾಗುತ್ತದೆ, ಸದ್ದು ಬದಲಾಗುತ್ತದೆ, ಆಕ್ಸಿಲರೇಟರ್ ಸ್ವಲ್ಪ ಸಡಿಲಿಸಿದರೂ ವೇಗ ಕುಗ್ಗದೆ ಉಳಿಯುತ್ತದೆ. ದಿಣ್ಣೆ ದಾಟಿತು ಅಂತ ಅರ್ಥ.

20 ಎಚ್‌ಪಿ ಎಂಜಿನ್ ಈ ದೋಣಿಯನ್ನು ದಿಣ್ಣೆಯ ಬುಡಕ್ಕೆ ತಂದು ನಿಲ್ಲಿಸುತ್ತದೆ, ದಾಟಿಸುವುದಿಲ್ಲ. ಪೂರ್ತಿ ಆಕ್ಸಿಲರೇಟರ್, ಪೂರ್ತಿ ಸದ್ದು, ಪೂರ್ತಿ ಪೆಟ್ರೋಲ್, ವೇಗ ಮಾತ್ರ 16 ಕಿಮೀ. ಚಿಕ್ಕದು ಅಂತ ಕೊಂಡ ಎಂಜಿನ್ ಎಲ್ಲಕ್ಕಿಂತ ದುಬಾರಿಯಾಗುವುದು ಹೀಗೆ.

ಅಂಕಿಗಳಲ್ಲಿ ನೋಡೋಣ. ನಾಲ್ಕು ಸ್ಟ್ರೋಕಿನ ಔಟ್‌ಬೋರ್ಡ್ ಎಂಜಿನ್ ಪೂರ್ತಿ ದುಡಿಯುವಾಗ ಒಂದು ಎಚ್‌ಪಿಗೆ ಗಂಟೆಗೆ ಒಂದು ಲೀಟರಿನ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು, ಸುಮಾರು 0.35 ಲೀಟರ್ ಸುಡುತ್ತದೆ. 10 ಎಚ್‌ಪಿ ಎಂಜಿನ್ನಿನಲ್ಲಿ 9 ಕಿಮೀ ವೇಗಕ್ಕೆ ಗಂಟೆಗೆ ಒಂದೂವರೆ ಲೀಟರ್ ಸಾಕು. ಲೀಟರಿಗೆ 6 ಕಿಮೀ. 20 ಎಚ್‌ಪಿ ಪೂರ್ತಿ ಒತ್ತಿ 16 ಕಿಮೀ ವೇಗದಲ್ಲಿ ಹೋದರೆ ಗಂಟೆಗೆ ಆರೂವರೆಯಿಂದ 7 ಲೀಟರ್. ಲೀಟರಿಗೆ ಎರಡೂವರೆ ಕಿಮೀಗಿಂತ ಕಡಿಮೆ. 40 ಎಚ್‌ಪಿಯಲ್ಲಿ ದಿಣ್ಣೆ ದಾಟಿಸಿ, 26 ಕಿಮೀ ವೇಗಕ್ಕೆ ಇಳಿಸಿಕೊಂಡರೆ ಎಂಜಿನ್ ದುಡಿಯುವುದು 21 ಎಚ್‌ಪಿಯಷ್ಟು. ಗಂಟೆಗೆ ಏಳೂವರೆ ಲೀಟರ್, ಲೀಟರಿಗೆ ಮೂರೂವರೆ ಕಿಮೀ. ಇವು ಲೆಕ್ಕದ ಅಂದಾಜುಗಳು. ನಿಮ್ಮ ದೋಣಿಯ ತಳದ ಆಕಾರ ನೋಡಿ ಹತ್ತು ಹದಿನೈದು ಪರ್ಸೆಂಟ್ ಆಚೀಚೆ ಆಗಬಹುದು. ಯಾವುದು ಮುಂದೆ, ಯಾವುದು ಹಿಂದೆ ಅನ್ನುವ ಕ್ರಮ ಮಾತ್ರ ಬದಲಾಗುವುದಿಲ್ಲ.

ಆದ್ದರಿಂದ ಈ ದೋಣಿಗೆ ಮಿತವ್ಯಯದ ಉತ್ತರ ಎರಡು. ಹಿನ್ನೀರಿನ ಅಂಚಿನಲ್ಲಿ ಒಂದೆರಡು ಗಂಟೆ ಸುತ್ತಾಡಿ, ಹಕ್ಕಿ ನೋಡಿ, ಮಕ್ಕಳಿಗೆ ಗಾಳ ಹಾಕುವುದು ಕಲಿಸಿ ಬರುವವರಿಗೆ 9.9 ಎಚ್‌ಪಿ. ದೂರದ ದಡಕ್ಕೆ ಹೋಗಿ ಕತ್ತಲಾಗುವ ಮುಂಚೆ ವಾಪಸ್ಸಾಗಬೇಕು ಅನ್ನುವವರಿಗೆ 40. ನಡುವಿನ 15, 20, 25 ಈ ದೋಣಿಗೂ ಈ ಸಂಸಾರಕ್ಕೂ ಹೊಂದುವುದಿಲ್ಲ. ಹನ್ನೆರಡು ಅಡಿಯ ಹಗುರ ದೋಣಿಗೆ ಅದೇ 20 ಒಳ್ಳೆಯ ಎಂಜಿನ್; ಅಲ್ಲಿ ದಿಣ್ಣೆಯೇ ಚಿಕ್ಕದು.

40 ಕೊಂಡವರು ಗಟ್ಟಿಯಾಗಿ ಪಾಲಿಸಬೇಕಾದ್ದು ಇಷ್ಟೇ: 9 ಕಿಮೀ ಒಳಗೆ ಹೋಗಿ, ಇಲ್ಲವೇ 24 ದಾಟಿಸಿ ಹೋಗಿ. 14ರಲ್ಲಿ ಮೂತಿ ಎತ್ತಿಕೊಂಡು ಹೋಗಬೇಡಿ.

ಎತ್ತರದ ಲೆಕ್ಕ

ಕರಾವಳಿಯಲ್ಲಿ 40 ಎಚ್‌ಪಿ ಕೊಟ್ಟ ಎಂಜಿನ್ ಇಲ್ಲಿ 40 ಕೊಡುವುದಿಲ್ಲ. ಕನ್ನಂಬಾಡಿ (ಕೆಆರ್‌ಎಸ್) ತುಂಬಿದಾಗ ಅದರ ನೀರಿನ ಮಟ್ಟ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲಿರುತ್ತದೆ. ಕಬಿನಿಯದು ಸುಮಾರು 700. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ. ಪ್ರತಿ 300 ಮೀಟರಿಗೆ ಶಕ್ತಿ 3% ಕುಗ್ಗುತ್ತದೆ. ಅಂದರೆ ಇಲ್ಲಿ ಏಳೆಂಟು ಪರ್ಸೆಂಟ್ ಕಳೆಯಬೇಕು. 40 ಇದ್ದದ್ದು 37, 30 ಇದ್ದದ್ದು 28, 20 ಇದ್ದದ್ದು ಹದಿನೆಂಟೂವರೆ. ಮಂಗಳೂರಿನ ಮೆಕ್ಯಾನಿಕ್ "ಮೂವತ್ತು ಹಾಕಿ ಸಾರ್, ಏನೂ ತೊಂದರೆ ಇಲ್ಲ" ಅಂದರೆ ಅವರ ಊರಿಗೆ ಅದು ನಿಜವೇ ಇರಬಹುದು.

ದಿಣ್ಣೆ ಸಲೀಸಾಗಿ ದಾಟಲು ಒಂದು ಎಚ್‌ಪಿಗೆ 25 ಕೆಜಿ ಮೀರಬಾರದು ಅನ್ನುವುದು ಬಳಕೆಯ ಲೆಕ್ಕ. ಇಲ್ಲಿನ 37ಕ್ಕೆ 830 ಭಾಗಿಸಿದರೆ ಇಪ್ಪತ್ತೆರಡೂವರೆ, ಸರಿ. 28ಕ್ಕೆ ಭಾಗಿಸಿದರೆ 30, ದಾಟುವುದು ಅನುಮಾನ. ದಾಟಿದ ಮೇಲೆ ಗರಿಷ್ಠ ವೇಗ ಎಷ್ಟು ಅಂತ ತಿಳಿಯಲು ಒಂದು ಎಚ್‌ಪಿಗೆ ಬೀಳುವ ಕೆಜಿಯ ವರ್ಗಮೂಲ ತೆಗೆದು 163ನ್ನು ಅದರಿಂದ ಭಾಗಿಸಿ. ನಮ್ಮ ದೋಣಿಗೆ ಗಂಟೆಗೆ 34 ಕಿಮೀ ಬರುತ್ತದೆ. 60 ಎಚ್‌ಪಿ ಹಾಕಿದರೆ 42. ಇಪ್ಪತ್ತು ಎಚ್‌ಪಿ ಹೆಚ್ಚಿಗೆ ಕೊಂಡು ಸಿಕ್ಕಿದ್ದು ಎಂಟೇ ಕಿಮೀ. ಮಕ್ಕಳನ್ನು, ವಯಸ್ಸಾದವರನ್ನು ಕೂರಿಸಿಕೊಂಡವರಿಗೆ ಆ ಎಂಟು ಕಿಮೀ ಬೇಕಾಗುವುದೂ ಇಲ್ಲ.

ಆದರೂ 60ರ ಬಗ್ಗೆ ಒಂದು ನ್ಯಾಯದ ಮಾತು ಹೇಳಬೇಕು. ಕೆಲವು ಕಂಪನಿಗಳು ಒಂದೇ ಬ್ಲಾಕನ್ನು, ಅಂದರೆ ಎಂಜಿನ್ನಿನ ಮೈಯನ್ನು, ಬೇರೆ ಬೇರೆ ಎಚ್‌ಪಿಗೆ ಹೊಂದಿಸಿ ಮಾರುತ್ತವೆ. ಸುಜುಕಿಯ ಡಿಎಫ್ 40ಎ, 50ಎ, 60ಎ ಮೂರೂ 941 ಸಿಸಿಯ ಮೂರು ಸಿಲಿಂಡರಿನ ಎಂಜಿನ್ನುಗಳು. ತೂಕವೂ ಒಂದೇ, 104 ಕೆಜಿ. 26 ಕಿಮೀ ವೇಗದಲ್ಲಿ ಇವು ಕುಡಿಯುವ ಪೆಟ್ರೋಲಿನಲ್ಲಿ ಹೇಳುವಂಥ ವ್ಯತ್ಯಾಸ ಇರುವುದಿಲ್ಲ. ಸೆಕೆಂಡ್ ಹ್ಯಾಂಡಿನಲ್ಲಿ ಒಳ್ಳೆಯ ಸ್ಥಿತಿಯ 60 ಕೈಗೆಟುಕುವ ಬೆಲೆಗೆ ಸಿಕ್ಕರೆ, ದೋಣಿಯ ಹಿಂಬದಿಗೆ ಅದನ್ನು ತಡೆಯುವ ಶಕ್ತಿ ಇದ್ದರೆ, ಎಂಜಿನ್ ದೊಡ್ಡದು ಅನ್ನುವ ಒಂದೇ ಕಾರಣಕ್ಕೆ ಬಿಡಬೇಕಿಲ್ಲ.

ತಡೆಯುವ ಶಕ್ತಿ ಎಷ್ಟು? ಹೊರದೇಶದ ದೋಣಿಗಳಲ್ಲಿ ಗರಿಷ್ಠ ಎಚ್‌ಪಿ, ಜನ, ತೂಕ ಬರೆದ ತಗಡು ಒಳಬದಿಗೆ ಹೊಡೆದಿರುತ್ತದೆ. ನಮ್ಮಲ್ಲಿ ಕಟ್ಟಿದ ಎಷ್ಟೋ ಹಳೆಯ ದೋಣಿಗಳಲ್ಲಿ ಅದಿಲ್ಲ. ಆಗ ಅಮೆರಿಕದ ಕರಾವಳಿ ಕಾವಲು ಪಡೆ 20 ಅಡಿಗಿಂತ ಚಿಕ್ಕ ದೋಣಿಗಳಿಗೆ ಇಟ್ಟಿರುವ ಸೂತ್ರ ಉಪಯೋಗಕ್ಕೆ ಬರುತ್ತದೆ. ಉದ್ದವನ್ನು ಹಿಂಬದಿಯ ಅಗಲದಿಂದ ಗುಣಿಸಿ: 16 ಗುಣಿಸು 5, ಅಂದರೆ 80. ಸ್ಟೀರಿಂಗ್ ಚಕ್ರ ಇದ್ದು ಹಿಂಬದಿ 20 ಇಂಚು ಎತ್ತರವಿದ್ದರೆ ಇದನ್ನು ಇಮ್ಮಡಿಸಿ 90 ಕಳೆಯಬೇಕು. 70 ಎಚ್‌ಪಿ ತನಕ ಹಾಕಬಹುದು. ಕೈಹಿಡಿಯಿಂದಲೇ ತಿರುಗಿಸುವ ಎಂಜಿನ್ ಆದರೆ 80ನ್ನು 0.8ರಿಂದ ಗುಣಿಸಿ 25 ಕಳೆಯಿರಿ. 39, ಅಂದರೆ 40ಕ್ಕೆ ನಿಲ್ಲಿಸಬೇಕು. ಚಪ್ಪಟೆ ತಳದ, ಚೂಪು ಅಂಚಿನ ದೋಣಿಗೆ ಕೈಹಿಡಿ ಎಂಜಿನ್ ಆದರೆ ಅರ್ಧ ಮಾಡಿ 15 ಕಳೆಯಿರಿ, ಬರೀ 25. ತಿರುವಿನಲ್ಲಿ ದೋಣಿ ಮಗುಚದಿರಲಿ ಅಂತ ಇಟ್ಟ ಮಿತಿಗಳು ಇವು. ಪೆಟ್ರೋಲ್ ಉಳಿತಾಯದ ಲೆಕ್ಕ ಏನೇ ಹೇಳಲಿ, ಇವನ್ನು ಮೀರಬೇಡಿ.

ಹಿಂಬದಿಯ ಹಲಗೆ

ಎಂಜಿನ್ ಕೂರುವ ಹಿಂಬದಿಯ ಗೋಡೆಗೆ ಟ್ರಾನ್ಸಮ್ ಅಂತ ಹೆಸರು. ಹೊರಗೆ ಫೈಬರ್, ಒಳಗೆ ಪ್ಲೈವುಡ್. ಹಳೆಯ ದೋಣಿಯಲ್ಲಿ ಮೊದಲು ಕೊಳೆಯುವುದು ಇದೇ. ನೂರು ಕೆಜಿಯ ಎಂಜಿನ್ ಅಲ್ಲಿ ನೇತಾಡಿಕೊಂಡು ಸಾವಿರಾರು ಸಲ ಜಗ್ಗುತ್ತದೆ. ಬೋಲ್ಟಿನ ತೂತಿನಲ್ಲಿ ಸೀಲೆಂಟ್ ಒಣಗಿದ ದಿನದಿಂದ ನೀರು ಪ್ಲೈವುಡ್‌ಗೆ ಇಳಿಯುತ್ತದೆ.

ಮೊದಲು ಒಂದು ಐದು ರೂಪಾಯಿ ನಾಣ್ಯದಿಂದ ಗೆರೆ ಗೆರೆಯಾಗಿ ತಟ್ಟುತ್ತ ಬನ್ನಿ. ಗಟ್ಟಿ ಜಾಗದಲ್ಲಿ ಟಣ್ ಅನ್ನುತ್ತದೆ, ಕೊಳೆತ ಜಾಗದಲ್ಲಿ ದಬ್ ಅನ್ನುತ್ತದೆ. ಆಮೇಲೆ ಹಳೆಯ ಎಂಜಿನ್ ಇನ್ನೂ ಅಲ್ಲೇ ಇದ್ದರೆ ಅದರ ಕೆಳತುದಿ ಹಿಡಿದು ಮೈಭಾರ ಹಾಕಿ ಒತ್ತಿ. ಇನ್ನೊಬ್ಬರು ಟ್ರಾನ್ಸಮ್ಮಿನ ಮೂಲೆ ನೋಡುತ್ತಿರಲಿ. ಮೂಲೆಯ ಬಣ್ಣ ಕೂದಲೆಳೆಯಷ್ಟು ಬಾಯಿಬಿಟ್ಟರೂ ಸಂಶಯ ಬಂತು ಅಂತಲೇ. ಕೊನೆಗೆ, ಮಾರುವವರ ಒಪ್ಪಿಗೆ ಪಡೆದು, ಒಳಬದಿಯಿಂದ ಕೆಳಗಡೆ 3 ಮಿಲಿಮೀಟರಿನ ಒಂದು ತೂತು ಕೊರೆಯಿರಿ. ಡ್ರಿಲ್ ಬಿಟ್ಟಿನ ಸುರುಳಿಗೆ ಅಂಟಿ ಬರುವ ಹೊಟ್ಟು ಒಣಗಿ, ತಿಳಿ ಬಣ್ಣದ್ದಾಗಿ, ಊದಿದರೆ ಹಾರುವಂತಿರಬೇಕು. ಕಾಫಿ ಚರಟದಂತೆ ಕಪ್ಪಗೆ, ಒದ್ದೆಯಾಗಿ, ಬೆರಳಿಗೆ ಮೆತ್ತಿಕೊಂಡು ಹುಳಿವಾಸನೆ ಬಂದರೆ ಆ ಟ್ರಾನ್ಸಮ್ 40 ಎಚ್‌ಪಿಗೆ ಆಗುವುದಿಲ್ಲ. ಬೆಲೆ ಇಳಿಸಿಕೊಂಡು ಹೊಸ ಪ್ಲೈವುಡ್ ಹಾಕಿಸಿ, ಇಲ್ಲವೇ ದೋಣಿಯನ್ನೇ ಬಿಡಿ. ಒಳ್ಳೆಯದಿದ್ದರೆ ಆ ತೂತನ್ನು ಅವತ್ತೇ ಎಪಾಕ್ಸಿಯಿಂದ ಮುಚ್ಚಿ.

ಎತ್ತರ ಅಳೆಯುವುದು ಮರೆಯಬೇಡಿ. ಟ್ರಾನ್ಸಮ್ಮಿನ ಮೇಲಂಚಿನ ನಡುವಿನಿಂದ ತಳದ ತನಕ ನೇರ ಕೆಳಗೆ 15 ಇಂಚು ಬಂದರೆ ಶಾರ್ಟ್ ಶಾಫ್ಟ್ (ಗಿಡ್ಡ ಕಾಲಿನ) ಎಂಜಿನ್, 20 ಬಂದರೆ ಲಾಂಗ್ ಶಾಫ್ಟ್, 25 ಬಂದರೆ ಎಕ್ಸ್‌ಟ್ರಾ ಲಾಂಗ್. ಪ್ರೊಪೆಲರಿನ ಮೇಲೆ ಇರುವ ಅಗಲದ ಪ್ಲೇಟು ದೋಣಿಯ ತಳಕ್ಕೆ ಸಮನಾಗಿರಬೇಕು, ಇಲ್ಲವೇ ಅರ್ಧದಿಂದ ಒಂದು ಇಂಚು ಕೆಳಗಿರಬೇಕು. ಹೆಚ್ಚು ಕೆಳಗಿದ್ದರೆ ಕಾಲು ನೀರಿನಲ್ಲಿ ಎಳೆದಂತೆ, ಪೆಟ್ರೋಲ್ ದಂಡ. ಹೆಚ್ಚು ಮೇಲಿದ್ದರೆ ತಿರುವಿನಲ್ಲಿ ಪ್ರೊಪೆಲರ್ ಗಾಳಿ ಎಳೆದು ಎಂಜಿನ್ ಕಿರುಚುತ್ತದೆ. ಬೋಲ್ಟಿನ ಒಂದು ತೂತು ಮೇಲೆ ಕೆಳಗೆ ಮಾಡಿದರೆ ಸಾಮಾನ್ಯವಾಗಿ ಮುಕ್ಕಾಲು ಇಂಚು ಬದಲಾಗುತ್ತದೆ.

ಎಂಜಿನ್ ಬದಲಿಸುವ ಮುಂಚೆ ಪ್ರೊಪೆಲರ್ ನೋಡಿ

"ಎಂಜಿನ್‌ಗೆ ಶಕ್ತಿ ಸಾಲದು" ಅನ್ನುವ ಎಷ್ಟೋ ದೂರುಗಳು ನಿಜಕ್ಕೂ ಪ್ರೊಪೆಲರಿನ ದೂರುಗಳು. ಪ್ರೊಪೆಲರಿಗೆ ಎರಡು ಅಂಕಿ: ಮೊದಲನೆಯದು ವ್ಯಾಸ, ಎರಡನೆಯದು ಪಿಚ್. ಪಿಚ್ ಅಂದರೆ ಒಂದು ಸುತ್ತಿಗೆ ಜಾರದೆ ಹೋದರೆ ಎಷ್ಟು ಇಂಚು ಮುಂದೆ ಹೋಗುತ್ತದೆ ಅನ್ನುವುದು. ಹೆಚ್ಚು ಪಿಚ್ ಅಂದರೆ ಗಾಡಿಯ ಟಾಪ್ ಗೇರ್ ಇದ್ದಂತೆ. ಕಬ್ಬು ತುಂಬಿದ ಟ್ರೈಲರನ್ನು ಟಾಪ್ ಗೇರಿನಲ್ಲಿ ಏರು ಹತ್ತಿಸಲು ಹೋದರೆ ಏನಾಗುತ್ತದೋ ಅದೇ ನೀರಿನಲ್ಲೂ ಆಗುತ್ತದೆ.

ಪರೀಕ್ಷೆ ಸುಲಭ. ಪೂರ್ತಿ ಭಾರ ಹೇರಿ, ಆಕ್ಸಿಲರೇಟರ್ ಪೂರ್ತಿ ಕೊಟ್ಟಾಗ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತು) ಎಷ್ಟು ನೋಡಿ. 40 ಎಚ್‌ಪಿಯ ಬಹಳಷ್ಟು ನಾಲ್ಕು ಸ್ಟ್ರೋಕಿನ ಎಂಜಿನ್ನುಗಳು 5,000ದಿಂದ 6,000 ಮುಟ್ಟಬೇಕು. 4,600ಕ್ಕೇ ನಿಂತರೆ ಪಿಚ್ ಹೆಚ್ಚಾಯಿತು. ಎಂಜಿನ್ ಹೊರಲಾರದ ಹೊರೆ ಹೊತ್ತು ಏದುಸಿರು ಬಿಡುತ್ತಿದೆ. ಕಾರ್ಬನ್ ಕಟ್ಟುತ್ತದೆ, ಬಿಸಿಯಾಗುತ್ತದೆ, ಪಿಸ್ಟನ್ ಬೇಗ ಕೆಡುತ್ತದೆ. ಒಂದು ಇಂಚು ಪಿಚ್ ಇಳಿಸಿದರೆ 150ರಿಂದ 200 ಆರ್‌ಪಿಎಂ ಏರುತ್ತದೆ. 13 ಇಂಚಿನ ಪ್ರೊಪೆಲರ್ ತೆಗೆದು 11ರದು ಹಾಕಿದರೆ ಇದೇ ಎಂಜಿನ್ 5,000 ಮುಟ್ಟುತ್ತದೆ, ದಿಣ್ಣೆ ದಾಟುತ್ತದೆ. ಸಮುದ್ರಮಟ್ಟದಲ್ಲಿ ಸರಿಯಾಗಿದ್ದ ಪ್ರೊಪೆಲರನ್ನು ಇಲ್ಲಿ ಒಂದು ಇಂಚು ಇಳಿಸಬೇಕಾಗಿ ಬರುವುದು ಸಹಜ.

ಲೆಕ್ಕ ಹೊಂದುತ್ತದೆಯೇ ಅಂತ ನೋಡಿಕೊಳ್ಳಿ. ಗೇರ್ 2:1 ಇದ್ದರೆ 5,500 ಆರ್‌ಪಿಎಂನಲ್ಲಿ ಪ್ರೊಪೆಲರ್ ನಿಮಿಷಕ್ಕೆ 2,750 ಸುತ್ತುತ್ತದೆ. 11 ಇಂಚಿನಿಂದ ಗುಣಿಸಿದರೆ ಗಂಟೆಗೆ 46 ಕಿಮೀ. ಭಾರದ ದೋಣಿಯಲ್ಲಿ ಇದರಲ್ಲಿ ಐದನೇ ಒಂದರಿಂದ ಕಾಲುಭಾಗದಷ್ಟು ಜಾರಿಕೆಗೆ ಹೋಗುತ್ತದೆ. ಕಾಲುಭಾಗವೇ ಹೋದರೂ 34, 35 ಉಳಿಯುತ್ತದೆ. ಮೇಲೆ ತೂಕದಿಂದ ಬಂದ ಅಂಕಿಗೂ ಇದಕ್ಕೂ ತಾಳೆಯಾಯಿತು. ಜಾರಿಕೆ ಮೂರನೇ ಒಂದು ಪಾಲು ದಾಟಿದರೆ ಪ್ರೊಪೆಲರಿನ ಅಂಚು ಮುಕ್ಕಾಗಿದೆಯೋ, ತಳದಲ್ಲಿ ಪಾಚಿ ಕಟ್ಟಿದೆಯೋ, ಪ್ರೊಪೆಲರಿನ ಒಳಗಿನ ರಬ್ಬರ್ ಬುಷ್ ಜಾರುತ್ತಿದೆಯೋ ನೋಡಿ.

9.9 ಎಚ್‌ಪಿ ಆರಿಸಿದವರಿಗೆ ಇಲ್ಲೊಂದು ಸೂಕ್ಷ್ಮ. ಸಾಮಾನ್ಯ 9.9ರ ಗೇರ್ 2.1:1ರ ಆಸುಪಾಸು, ಚಿಕ್ಕ ಪ್ರೊಪೆಲರ್ ಜೋರಾಗಿ ತಿರುಗುತ್ತದೆ. ಭಾರದ ದೋಣಿಗೆಂದೇ ಹೈ ಥ್ರಸ್ಟ್ ಮಾದರಿ ಬರುತ್ತದೆ; ಅದರ ಗೇರ್ 2.9:1ರ ಹತ್ತಿರ, ಪ್ರೊಪೆಲರ್ ದೊಡ್ಡದು, ನಿಧಾನವಾಗಿ ತಿರುಗಿ ಹೆಚ್ಚು ನೀರನ್ನು ತಳ್ಳುತ್ತದೆ. ಜೂನ್‌ನಿಂದ ಆಗಸ್ಟ್ ತನಕ ಹಿನ್ನೀರಿನಲ್ಲಿ ಪಡುವಣ ಗಾಳಿ ಬೀಸುವಾಗ ಎದುರಿಗೆ ಬರಬೇಕಾದರೆ ಇದರ ಬೆಲೆ ತಿಳಿಯುತ್ತದೆ. 4 ಎಚ್‌ಪಿ ಸಾಕಾಗುವ ಕಡೆ 9.9 ಹೇಳುತ್ತಿರುವುದೂ ಈ ಗಾಳಿಗಾಗಿಯೇ.

ಕಬಿನಿಯಲ್ಲಿ ಮುಳುಗಿದ ಮರಗಳ ಬೊಡ್ಡೆಗಳಿವೆ. ಕನ್ನಂಬಾಡಿಯ ಮಟ್ಟ ತುಂಬಿದಾಗಿನ 124.80 ಅಡಿಯಿಂದ ಇಳಿದಂತೆ ಬಂಡೆ, ಹಳೆಯ ಬದು ನೀರಿನ ಮೇಲ್ಮೈಗೆ ಹತ್ತಿರವಾಗುತ್ತವೆ. ಸ್ಟೀಲ್ ಪ್ರೊಪೆಲರ್ ಬೇಡ, ಅಲ್ಯೂಮಿನಿಯಂ ಇರಲಿ. ಬಡಿದಾಗ ಅದು ಬಾಗಿ ಗೇರನ್ನು ಉಳಿಸುತ್ತದೆ. ಒಂದು ಹೆಚ್ಚುವರಿ ಪ್ರೊಪೆಲರ್, ಅದರ ನಟ್ಟು, ಪಿನ್ನು, ಸ್ಪ್ಯಾನರ್ ದೋಣಿಯಲ್ಲೇ ಇರಲಿ.

ಎರಡು ಸ್ಟ್ರೋಕೋ ನಾಲ್ಕು ಸ್ಟ್ರೋಕೋ

ಕರಾವಳಿಯಿಂದ ಬರುವ ಹಳೆಯ ಎಂಜಿನ್ನುಗಳಲ್ಲಿ ಎರಡು ಸ್ಟ್ರೋಕಿನವೇ ಹೆಚ್ಚು. ಹಗುರ, ಗಟ್ಟಿ, ರಿಪೇರಿ ಸುಲಭ. 40 ಎಚ್‌ಪಿಯದು 75 ಕೆಜಿ ಒಳಗೆ. ನಾಲ್ಕು ಸ್ಟ್ರೋಕಿನದಕ್ಕಿಂತ 25 ಕೆಜಿ ಕಡಿಮೆ. ಆದರೆ ಕಾರ್ಬ್ಯುರೇಟರಿನ ಎರಡು ಸ್ಟ್ರೋಕ್ ಎಂಜಿನ್ ಒಂದು ಎಚ್‌ಪಿಗೆ ಗಂಟೆಗೆ ಅರ್ಧ ಲೀಟರಿಗಿಂತ ಹೆಚ್ಚು ಕುಡಿಯುತ್ತದೆ. ನಮ್ಮ 26 ಕಿಮೀ ವೇಗಕ್ಕೆ ಏಳೂವರೆಯ ಬದಲು ಹನ್ನೊಂದೂವರೆ ಲೀಟರ್. ಗಂಟೆಗೆ 4 ಲೀಟರ್ ವ್ಯತ್ಯಾಸ. ವರ್ಷಕ್ಕೆ 40 ಗಂಟೆ ಓಡಿಸಿದರೆ 160 ಲೀಟರ್. ಲೀಟರಿಗೆ 100 ರೂಪಾಯಿ ಅಂತ ದುಂಡಗೆ ಹಿಡಿದರೆ 16,000 ರೂಪಾಯಿ, ಮೇಲೆ ಆಯಿಲ್ ಖರ್ಚು. ಎರಡು ಎಂಜಿನ್ನುಗಳ ಬೆಲೆಯ ವ್ಯತ್ಯಾಸವನ್ನು ಈ ಮೊತ್ತದಿಂದ ಭಾಗಿಸಿ ನೋಡಿ. 1,60,000 ವ್ಯತ್ಯಾಸ ಇದ್ದರೆ ಅದು ಹಿಂದಿರುಗಲು ಹತ್ತು ವರ್ಷ ಬೇಕು. ವರ್ಷಕ್ಕೆ ಹತ್ತೇ ಗಂಟೆ ಓಡಿಸುವ ಮನೆಗೆ ಚೆನ್ನಾಗಿರುವ ಎರಡು ಸ್ಟ್ರೋಕೇ ಮಿತವ್ಯಯ, ಇದನ್ನು ಹೇಳಲು ಸಂಕೋಚ ಬೇಡ. ಹೋಂ ಸ್ಟೇಗೆಂದು ದಿನಾ ಓಡಿಸುವವರಿಗೆ ಎರಡನೇ ಯೋಚನೆಯೇ ಬೇಡ, ನಾಲ್ಕು ಸ್ಟ್ರೋಕ್.

ಎರಡು ಸ್ಟ್ರೋಕ್ ಕೊಂಡರೆ ಬೈಕಿನ 2ಟಿ ಆಯಿಲ್ ಹಾಕಬೇಡಿ. ಟಿಸಿ-ಡಬ್ಲ್ಯು3 ಅಂತ ಬರೆದಿರುವ ಔಟ್‌ಬೋರ್ಡ್ ಆಯಿಲ್ ಬೇಕು. ಕೈಪಿಡಿಯಲ್ಲಿ 50:1 ಇದ್ದರೆ 10 ಲೀಟರಿಗೆ 200 ಮಿಲಿ. ಮೀನುಗಾರಿಕೆಯ ದೋಣಿಯಿಂದ ಬಂದ ಎಂಜಿನ್ ಸೀಮೆಎಣ್ಣೆಯ ಮಾದರಿಯೇ ಅಂತಲೂ ವಿಚಾರಿಸಿ. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಆಮೇಲೆ ಸೀಮೆಎಣ್ಣೆಗೆ ತಿರುಗಿಸುವ ಆ ಮಾದರಿಗಳಲ್ಲಿ ಕಂಪ್ರೆಶನ್ (ಸಿಲಿಂಡರಿನೊಳಗೆ ಗಾಳಿ, ಇಂಧನ ಅದುಮುವ ಒತ್ತಡ) ಕಡಿಮೆ ಇಟ್ಟಿರುತ್ತಾರೆ. ಪೆಟ್ರೋಲಿನಲ್ಲಷ್ಟೇ ಓಡಿಸುವವರಿಗೆ ಅದು ನಷ್ಟ.

ಯಾವುದೇ ಹಳೆಯ ಎಂಜಿನ್ ಆಗಲಿ, ಎಲ್ಲ ಸಿಲಿಂಡರಿನ ಕಂಪ್ರೆಶನ್ ಅಳೆಯಿಸಿ. ಅಂಕಿ ಎಷ್ಟು ಅನ್ನುವುದಕ್ಕಿಂತ ಒಂದಕ್ಕೊಂದು 10% ಒಳಗಿದೆಯೇ ನೋಡಿ. 120, 118, 95 ಬಂದರೆ ಕೈಮುಗಿದು ಬನ್ನಿ. ಗೇರ್ ಬಾಕ್ಸಿನ ಕೆಳಗಿನ ಸ್ಕ್ರೂ ಸಡಿಲಿಸಿ ಎರಡು ತೊಟ್ಟು ಆಯಿಲ್ ಬೆರಳಿಗೆ ಹಿಡಿಯಿರಿ. ಹಾಲು ಬೆರೆತ ಕಾಫಿಯಂತಿದ್ದರೆ ಸೀಲ್ ಹೋಗಿ ನೀರು ಸೇರಿದೆ. ಸ್ಟಾರ್ಟ್ ಮಾಡಿದಾಗ ಪಕ್ಕದಿಂದ ಚಿಮ್ಮುವ ನೀರಿನ ಎಳೆ ನೇರವಾಗಿ, ಬಲವಾಗಿ ಬರಬೇಕು. ಉಪ್ಪುನೀರಿನಲ್ಲಿ ದುಡಿದ ಎಂಜಿನ್ನಿನಲ್ಲಿ ನೀರಿನ ದಾರಿ ಉಪ್ಪು ಕಟ್ಟಿ ಸಣ್ಣಗಾಗಿರುತ್ತದೆ; ಥರ್ಮೋಸ್ಟಾಟ್ ಬಿಚ್ಚಿ ನೋಡಿದರೆ ತಿಳಿಯುತ್ತದೆ. ಎಂಜಿನ್ನಿನ ಮೈಮೇಲಿನ ಸತುವಿನ ಆನೋಡ್ (ಎಂಜಿನ್ನಿನ ಬದಲು ತಾನು ಸವೆಯುವ ತುಂಡು) ತೆಗೆದು ಮೆಗ್ನೀಷಿಯಂನದು ಹಾಕಿಸಿ. ಸಿಹಿನೀರಿನಲ್ಲಿ ಸತುವಿನ ಮೇಲೆ ಪದರ ಕಟ್ಟಿ ಅದು ಕೆಲಸ ನಿಲ್ಲಿಸುತ್ತದೆ, ಆಮೇಲೆ ತುಕ್ಕು ಎಂಜಿನ್ನನ್ನೇ ತಿನ್ನುತ್ತದೆ. ಕಾರ್ಬ್ಯುರೇಟರ್ ಇದ್ದರೆ ಈ ಎತ್ತರಕ್ಕೆ ಮೈನ್ ಜೆಟ್ (ಪೆಟ್ರೋಲ್ ಹರಿಯುವ ತೂತು) ಒಂದು ಅಂಕಿ ಚಿಕ್ಕದು ಬೇಕೇ ಅಂತ ಕೈಪಿಡಿಯಲ್ಲಿ ನೋಡಿ.

ಇನ್ನೊಂದು, ಬಂಕಿನ ಪೆಟ್ರೋಲ್. ಈಗ ಅದರಲ್ಲಿ 20% ತನಕ ಎಥನಾಲ್ ಇರುತ್ತದೆ. ನಮ್ಮ ಕಬ್ಬಿನಿಂದ ಬರುವುದೂ ಸೇರಿ. ಔಟ್‌ಬೋರ್ಡ್ ಎಂಜಿನ್ನುಗಳ ಬಹುಪಾಲು ಕೈಪಿಡಿಗಳು 10%ಗೆ ಮಿತಿ ಹಾಕಿವೆ. ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಹೆಚ್ಚಾದಾಗ ನೀರಿನ ಸಮೇತ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಪೈಪು ಅಲ್ಲಿಂದಲೇ ಎಳೆಯುವುದು. ಕೊಳ್ಳುವಾಗ ಆ ಮಾದರಿಗೆ 20% ನಡೆಯುತ್ತದೆಯೇ ಅಂತ ವಿತರಕರಿಂದ ಬರಹದಲ್ಲಿ ಕೇಳಿ. ಹಳೆಯ ರಬ್ಬರ್ ಪೈಪು, ಪ್ರೈಮರ್ ಬಲ್ಬು (ಪೆಟ್ರೋಲ್ ಏರಿಸಲು ಕೈಯಿಂದ ಹಿಚುಕುವ ರಬ್ಬರ್ ಉಂಡೆ) ಬದಲಿಸಿ. ನೀರು ಬೇರ್ಪಡಿಸುವ 10 ಮೈಕ್ರಾನ್ ಫಿಲ್ಟರ್ ಹಾಕಿಸಿ. ಎರಡು ಮೂರು ವಾರಕ್ಕಿಂತ ಹೆಚ್ಚು ದೋಣಿ ನಿಲ್ಲುವುದಾದರೆ ಪೆಟ್ರೋಲ್ ತೆಗೆದು ಕಾರಿಗೋ ಬೈಕಿಗೋ ಹಾಕಿ, ಕಾರ್ಬ್ಯುರೇಟರ್ ಬರಿದು ಮಾಡಿ. ಎಥನಾಲಿನಲ್ಲಿ ಉರಿಯುವ ಸತ್ವ ಕಡಿಮೆ ಇರುವುದರಿಂದ ಖರ್ಚಿನ ಅಂದಾಜಿಗೆ ಆರೇಳು ಪರ್ಸೆಂಟ್ ಸೇರಿಸಿಕೊಳ್ಳಿ.

ಟ್ರಯಲ್ ನೋಡುವ ಬಗೆ

ದುಡ್ಡು ಕೊಡುವ ಮುಂಚೆ ಮನೆಯವರ ಬದಲು ನೀರಿನ ಕ್ಯಾನು ಹತ್ತಿಸಿ. 20 ಲೀಟರಿನ ಕ್ಯಾನು 13 ತುಂಬಿಸಿದರೆ 260 ಕೆಜಿ. ಜನ ಕೂರುವ ಜಾಗದಲ್ಲೇ ಇಟ್ಟು ಜರುಗದಂತೆ ಕಟ್ಟಿ. ಓಡಿಸುವವರೂ ಆ ಐವರಲ್ಲಿ ಒಬ್ಬರಾದ್ದರಿಂದ ಮೂರು ಕ್ಯಾನು ಕಮ್ಮಿ ಮಾಡಿ. ಲೈಫ್ ಜಾಕೆಟ್ ಹಾಕಿಕೊಳ್ಳಿ, ಎಂಜಿನ್ ನಿಲ್ಲಿಸುವ ಹಗ್ಗವನ್ನು ಮಣಿಕಟ್ಟಿಗೆ ಸಿಕ್ಕಿಸಿ. ಮೊಬೈಲಿನ ಜಿಪಿಎಸ್‌ನಲ್ಲಿ ವೇಗ ನೋಡಿ. ಗಾಳಿಯ ಕಡೆಗೊಮ್ಮೆ, ವಿರುದ್ಧ ದಿಕ್ಕಿಗೊಮ್ಮೆ ಹೋಗಿ ಸರಾಸರಿ ಬರೆದುಕೊಳ್ಳಿ. 1,500 ಆರ್‌ಪಿಎಂನಿಂದ ಐನೂರರಂತೆ ಏರಿಸುತ್ತ ಪ್ರತಿಯೊಂದಕ್ಕೂ ವೇಗ ಬರೆಯಿರಿ. ನಿಂತಲ್ಲಿಂದ ಪೂರ್ತಿ ಕೊಟ್ಟಾಗ ಹತ್ತು ಸೆಕೆಂಡಿನ ಒಳಗೆ ಮೂತಿ ಇಳಿಯಬೇಕು. ಇಳಿಯದಿದ್ದರೆ ಬ್ಯಾಟರಿ, ಪೆಟ್ರೋಲ್ ಟ್ಯಾಂಕು, ಲಂಗರು ಎಲ್ಲವನ್ನೂ ಮುಂದಕ್ಕೆ ಜರುಗಿಸಿ ಇನ್ನೊಮ್ಮೆ ನೋಡಿ. ಎಲ್ಲ ಭಾರವನ್ನೂ ಹಿಂದೆಯೇ ಪೇರಿಸುವುದು ತೀರಾ ಸಾಮಾನ್ಯ ತಪ್ಪು. ಅದನ್ನು ಸರಿಪಡಿಸುವುದಕ್ಕೆ ಒಂದು ರೂಪಾಯಿಯೂ ಬೇಡ. ಪೆಟ್ರೋಲ್ ಖರ್ಚು ತಿಳಿಯಲು 5 ಲೀಟರಿನ ಗೆರೆ ಹಾಕಿದ ಕ್ಯಾನಿಗೆ ಪೈಪು ಇಳಿಸಿ, ನಿಮಗೆ ಬೇಕಾದ ವೇಗದಲ್ಲಿ 15 ನಿಮಿಷ ಓಡಿಸಿ, ಎಷ್ಟು ಇಳಿಯಿತೋ ನಾಲ್ಕರಿಂದ ಗುಣಿಸಿ.

ಸಭಿಕರು ಕೇಳಿದ ಪ್ರಶ್ನೆಗಳು

20 ಎಚ್‌ಪಿಯ ಎರಡು ಎಂಜಿನ್ ಹಾಕಬಹುದೇ? ಹಾಕಬೇಡಿ. ತೂಕ ಹೆಚ್ಚು, ನೀರಿನಲ್ಲಿ ಎರಡು ಕಾಲಿನ ಎಳೆತ, ಎರಡು ಸರ್ವಿಸ್. ಒಂದು ಕೆಟ್ಟರೆ ಮನೆ ಸೇರಲು ಅಂತಿದ್ದರೆ ಒಂದು ಜೊತೆ ಒಳ್ಳೆಯ ಹುಟ್ಟು, ಇಲ್ಲವೇ 2–3 ಎಚ್‌ಪಿಯ ಸಣ್ಣ ಎಂಜಿನ್ ಸಾಕು. ಪೆಟ್ರೋಲಿನಲ್ಲಿ ಮೂರನೇ ಒಂದು ಪಾಲು ಹೋಗಲು, ಒಂದು ಪಾಲು ಬರಲು, ಒಂದು ಪಾಲು ಆಪತ್ತಿಗೆ.

ಬ್ಯಾಟರಿ ಮೋಟಾರು? 12 ವೋಲ್ಟಿನ, 50 ಆಂಪಿಯರ್ ಎಳೆಯುವ ಮೋಟಾರು ಅಂದರೆ 600 ವಾಟ್, ಮುಕ್ಕಾಲು ಎಚ್‌ಪಿಯ ಆಸುಪಾಸು. 100 ಎಎಚ್ (ಆಂಪಿಯರ್ ಗಂಟೆ) ಲೆಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಹಾಗಾಗಿ ಪೂರ್ತಿ ವೇಗದಲ್ಲಿ ಒಂದು ಗಂಟೆ. ಗಾಳಿಯಿಲ್ಲದ ಬೆಳಗ್ಗೆ ದಡದ ಅಂಚಿನಲ್ಲಿ ಹಕ್ಕಿ ನೋಡುವುದಕ್ಕೆ ಚೆಂದ. ಇಡೀ ಸಂಸಾರ ಹತ್ತಿ ಎದುರುಗಾಳಿಗೆ ಸಿಕ್ಕರೆ ಅದು ಸಾಲದು.

ದೋಣಿಯ ಜೊತೆಗೇ 25 ಎಚ್‌ಪಿ ಎಂಜಿನ್ ಬಂದಿದೆ, ಮಾರಬೇಕೇ? ತಕ್ಷಣ ಮಾರಬೇಡಿ. ಈ ಎತ್ತರದಲ್ಲಿ ಅದು 23 ಎಚ್‌ಪಿ. 25 ಕೆಜಿಯಂತೆ ಗುಣಿಸಿದರೆ 575 ಕೆಜಿ ತನಕ ದಿಣ್ಣೆ ದಾಟಿಸುತ್ತದೆ. ದೋಣಿ 380, ಎಂಜಿನ್ 55; ಉಳಿಯುವುದು 140. ಅಂದರೆ ಇಬ್ಬರೇ, ಸಾಮಾನು ತೀರಾ ಕಮ್ಮಿ ಇದ್ದರೆ ನೀರಿನ ಮೇಲೆ ಜಾರಿ ಹೋಗಬಹುದು. ಪಿಚ್ ಒಂದು ಇಂಚು ಇಳಿಸಿ, ಟ್ಯಾಂಕು ಮುಂದಕ್ಕೆ ಇಟ್ಟು, ನೆಲದ ಕೆಳಗಿನ ಹಸಿ ಫೋಮ್ ತೆಗೆಸಿ ಒಂದು ಸೀಸನ್ ನೋಡಿ. ಐದೂ ಜನ ಹತ್ತಿದ ದಿನ 9 ಕಿಮೀ ವೇಗದಲ್ಲೇ ಹೋಗಿ ಬನ್ನಿ. ಆಗ ಆ ಎಂಜಿನ್ ಗಂಟೆಗೆ ಎರಡು ಲೀಟರ್ ಒಳಗೆ ಮುಗಿಸುತ್ತದೆ. ವರ್ಷದಲ್ಲಿ ಎಷ್ಟು ದಿನ ಇಬ್ಬರು ಹೋದಿರಿ, ಎಷ್ಟು ದಿನ ಐವರು ಹೋದಿರಿ ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. 40 ಬೇಕೋ ಬೇಡವೋ ಅಂತ ಆ ಪುಟ ನೋಡಿ ತೀರ್ಮಾನಿಸಿ.